ಬಿಜಲಿಯ ಹೇನು

ಹೋದ ವಾರ ಮಗಳ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಐದನೇ ಕ್ಲಾಸಿನ ಕೆಲವು ಮಕ್ಕಳ ತಲೆಯಲ್ಲಿ 'ಸಮಸ್ಯೆ' ಕಂಡುಬಂದಿದೆ, ಪೋಷಕರು ದಯವಿಟ್ಟು ಪರೀಕ್ಷಿಸಬೇಕು ಎಂದು ತುಂಬ ನಾಜೂಕಾಗಿ ಬರೆದಿದ್ದರು. ಹೇನು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಾವಿರುವ ಮುಲುಂಡಿನ ಸೊಸೈಟಿಯಲ್ಲಿ ಯಾರ ಮನೆಯಲ್ಲೂ ಹೇನು ಇರುವುದಿಲ್ಲ, ಸಮಸ್ಯೆ ಮಾತ್ರ ಇರುತ್ತದೆ. ಹತ್ತೇ ನಿಮಿಷಗಳಲ್ಲಿ ಅರ್ಧ ಗುಂಪು 'ನಮ್ಮಲ್ಲಿ ಇಲ್ಲ' ಎಂದು ಉತ್ತರ ಹಾಕಿತು. ನನಗೆ ಅಷ್ಟು ಧೈರ್ಯ ಬರಲಿಲ್ಲ. ಮಗಳು ಇರಾಳನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ, ಬೆಳಕಿಗೆ ಬೆನ್ನು ಮಾಡಿ, ಎರಡು ಮೊಣಕಾಲುಗಳ ನಡುವೆ ಕೂರಿಸಿಕೊಂಡೆ.

"ಮಮ್ಮಾ, ಸ್ಪ್ರೇ ಸಿಕ್ತದೆ ನಾ ಮೆಡಿಕಲ್‌ನಲ್ಲಿ. ನೀನು ಯಾಕೆ ಮಂಕಿ ತರ ಮಾಡ್ತಿ?" ಎಂದಳು. ಅವಳ ಕನ್ನಡ ಅಷ್ಟೇ. ಬೈಯುವಾಗ ಮಾತ್ರ ವಾಕ್ಯ ಪೂರ್ತಿಯಾಗುತ್ತದೆ.

ಎರಡು ಸಿಕ್ಕವು. ಕಿವಿಯ ಹಿಂದೆ ಸಾಲಾಗಿ ಸೀರೂ ಇತ್ತು. ನನ್ನ ಹೆಬ್ಬೆರಳ ಉಗುರುಗಳು ತಮ್ಮಷ್ಟಕ್ಕೆ ಒಂದನ್ನೊಂದು ಕೂಡಿ 'ಟಕ್' ಎಂದವು. ಆಫೀಸಿನಲ್ಲಿ ದಿನವಿಡೀ ಕೀಬೋರ್ಡು ಕುಟ್ಟುವ ಬೆರಳುಗಳು ಈ ವಿದ್ಯೆಯನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿವೆ ಎಂದು ನನಗೇ ಗೊತ್ತಿರಲಿಲ್ಲ.

"ಯಾರು ಕಲಿಸಿದ್ದು?" ಎಂದು ಇರಾ ಕೇಳಿದಳು.

"ನಿನ್ನ ಅಜ್ಜಿ" ಎಂದೆ. ಅದು ಅರ್ಧ ನಿಜ. ಕಲಿಸಿದ್ದು ಅವ್ವನೇ. ಆದರೆ ನಾನು ಕೈ ಪಳಗಿಸಿಕೊಂಡದ್ದು ಮನುಷ್ಯರ ತಲೆಯ ಮೇಲಲ್ಲ, ಒಂದು ಮುದಿ ಕುದುರೆಯ ಕುತ್ತಿಗೆಯ ಮೇಲೆ. ಹತ್ತು ವರ್ಷದ ಹುಡುಗಿಗೆ, ಅದೂ ಅವಳ ತಲೆ ನನ್ನ ಕೈಯಲ್ಲಿರುವಾಗ, ಇದನ್ನು ಹೇಳುವುದು ಸರಿಯಲ್ಲ ಎಂದು ಸುಮ್ಮನಾದೆ. ನಿಮಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬೈಕುಲ್ಲಾದ ಒಂದು ಚಾಳಿನಲ್ಲಿ. ಮೂರನೇ ಮಾಳಿಗೆ, ಉದ್ದನೆಯ ಮರದ ಗ್ಯಾಲರಿ, ಗ್ಯಾಲರಿಯ ಕೊನೆಗೆ ನಮ್ಮ ಖೋಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವ್ವ ಆ ಗ್ಯಾಲರಿಯಲ್ಲಿ ಚಾಪೆ ಹಾಕಿ ಕೂತಳೆಂದರೆ, ಎರಡು ಮಾಳಿಗೆಗಳ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಸಾಲು ಹಿಡಿಯುತ್ತಿದ್ದರು. ಮರಾಠಿಯವರು, ಗುಜರಾತಿಯವರು, ತುಳುವರು, ಎಲ್ಲರ ತಲೆಗಳೂ ಅವ್ವನ ತೊಡೆಗೆ ಬರುತ್ತಿದ್ದವು. ಬಿಸಿ ಮಾಡಿದ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕಿ ತಿಕ್ಕಿ, ಆಮೇಲೆ ಬೈತಲೆ ಬೈತಲೆಯಾಗಿ ಸೀಳಿ ನೋಡುತ್ತಿದ್ದಳು. ಆ ಎಣ್ಣೆಯ ವಾಸನೆ, ಕೆಳಗಿನ ಗಲ್ಲಿಯಲ್ಲಿ ಯಾರೋ ತಗಡು ಬಡಿಯುವ ಸಪ್ಪಳ, ನೆತ್ತಿಯ ಮೇಲೆ ಅವ್ವನ ಬೆರಳು. ಎಷ್ಟೋ ಸಲ ನನ್ನ ತಲೆಯಲ್ಲಿ ಏನೂ ಇಲ್ಲದಿದ್ದರೂ ಇದೆ ಎಂದು ಸುಳ್ಳು ಹೇಳಿ ಸಾಲಿನಲ್ಲಿ ಕೂತಿದ್ದೇನೆ. ಈಗ ಪಾರ್ಲರಿಗೆ ಹೋಗಿ ಹೆಡ್ ಮಸಾಜ್ ಮಾಡಿಸಿಕೊಂಡರೂ ಆ ನಿದ್ದೆ ಬರುವುದಿಲ್ಲ.

ಅಪ್ಪ ವಿಕ್ಟೋರಿಯಾ ಗಾಡಿ ಹೊಡೆಯುತ್ತಿದ್ದ. ಸಮುದ್ರದ ದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುಹಾಕುವ ಕುದುರೆ ಗಾಡಿ. ಗೋಕಾಕದ ಕಡೆಯಿಂದ ಹೆಣ್ಣು ತರುವಾಗ ನಮ್ಮ ದೊಡ್ಡಪ್ಪ "ಹುಡುಗ ಬೊಂಬಾಯಿದಾಗ ಗಾಡಿ ಹೊಡಿತಾನ್ರಿ" ಎಂದಷ್ಟೇ ಹೇಳಿದ್ದನಂತೆ. ಬೊಂಬಾಯಿ ಎಂದ ಮೇಲೆ ಅದು ಮೋಟರು ಗಾಡಿಯೇ ಎಂದು ಅವ್ವನ ಮನೆಯವರು ತಿಳಿದುಕೊಂಡರು. ಮದುವೆಯಾಗಿ ಬಂದ ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗಲು ಅಪ್ಪ ಸ್ಟೇಷನ್ನಿಗೆ ಗಾಡಿಯನ್ನೇ ಸಿಂಗಾರ ಮಾಡಿ ತಂದು ನಿಲ್ಲಿಸಿದ್ದ. ಅವ್ವ ಅತ್ತಿತ್ತ ನೋಡಿ, "ಎಲ್ಲೈತ್ರಿ ನಿಮ್ಮ ಗಾಡಿ?" ಎಂದಳಂತೆ. ಅಪ್ಪ ಕುದುರೆಯ ಬೆನ್ನು ತಟ್ಟಿ, "ಇದ" ಎಂದನಂತೆ. ಅವ್ವ ಹತ್ತಿ ಕೂತಳು. ಆಮೇಲೆ ಮೂವತ್ತು ವರ್ಷ ಸಂಸಾರ ಮಾಡಿದಳು, ಆದರೆ ಚಾಳಿನ ಹಿಂದೆಯೇ ಇದ್ದ ತಬೇಲಾಕ್ಕೆ, ಆ ಕುದುರೆಲಾಯಕ್ಕೆ, ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದು ದಿನವೂ ಕಾಲಿಡಲಿಲ್ಲ. ಅಪ್ಪ ಕೆಳಗಿನ ನಲ್ಲಿಯಲ್ಲಿ ಮೈ ತೊಳೆದುಕೊಂಡೇ ಮೇಲೆ ಬರಬೇಕಾಗಿತ್ತು.

ನಾನೂ ಏನು ಕಡಿಮೆಯಿರಲಿಲ್ಲ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಅಪ್ಪ 'ಟ್ರಾನ್ಸ್‌ಪೋರ್ಟಿನಲ್ಲಿ' ಇದ್ದಾನೆ ಎನ್ನುತ್ತಿದ್ದೆ. ನನ್ನ ಗಂಡನ ಮನೆಯವರಿಗೂ ಮೊದಲು ಹೇಳಿದ್ದು ಅದನ್ನೇ. ಸುಳ್ಳಲ್ಲವಲ್ಲ.

ಗಾಡಿಗಳು ಬಂದ್ ಆದ ಮೇಲೆ ಅಪ್ಪನ ಬಳಿ ಉಳಿದದ್ದು ಬಿಜಲಿ ಎಂಬ ಬಿಳಿಯ ಹೆಣ್ಣು ಕುದುರೆ. ಕುದುರೆ ಅಪ್ಪನದಲ್ಲ, ತಬೇಲಾದ ಸೇಠನದು. ಆದರೆ ನಾಲ್ಕು ವರ್ಷದ್ದಿದ್ದಾಗಿನಿಂದ ಸಾಕಿದವನು ಅಪ್ಪ. ಹೆಸರು ಮಿಂಚಿನದಾದರೂ ಅದು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಸೇಠ ಅದನ್ನು ಮದುವೆಗಳಿಗೆ ಕಳಿಸಲು ಶುರುಮಾಡಿದ. ಮದುಮಗನನ್ನು ಹೊತ್ತು ಬ್ಯಾಂಡಿನ ಮುಂದೆ ಅಲುಗಾಡದೆ ನಿಲ್ಲುವುದರಲ್ಲಿ ಬಿಜಲಿಯನ್ನು ಮೀರಿಸುವವರಿರಲಿಲ್ಲ. ಒಂದೇ ತೊಂದರೆ, ದಾರಿಯಲ್ಲಿ ಭಜಿ ಅಂಗಡಿ ಕಂಡರೆ ಮದುಮಗನ ಸಮೇತ ಅಲ್ಲಿಗೇ ಹೋಗಿ ನಿಂತುಬಿಡುತ್ತಿತ್ತು. ಆಮೇಲೆ ಆಮೇಲೆ ವಯಸ್ಸಾಯಿತು, ಆ ಕೆಲಸವೂ ಕಡಿಮೆಯಾಯಿತು.

ಇರಾಗೆ ಆಗ ಮೂರು ವರ್ಷ. ಚಳಿಗಾಲದ ಒಂದು ಭಾನುವಾರ, ಅವಳನ್ನು ಗಂಡನ ಬಳಿ ಬಿಟ್ಟು, ನಾನೊಬ್ಬಳೇ ಲೋಕಲ್ ಹಿಡಿದು ತವರಿಗೆ ಹೋಗಿದ್ದೆ. ಅಪ್ಪ ಕೆಳಗಿನಿಂದ ಬಂದವನು ಬಾಗಿಲ ಹೊರಗೇ ನಿಂತ. ಮುಖ ಸಣ್ಣದಾಗಿತ್ತು.

"ಬಿಜಲಿ ಕಂಬಕ್ಕ ಕುತಿಗಿ ತಿಕ್ಕಿ ತಿಕ್ಕಿ ರಗತಾ ಮಾಡಿಕೊಂಡೈತಿ. ಇವತ್ತ ಕೂದಲಾ ಸರಿಸಿ ನೋಡಿದ್ನಿ. ಹೇನು ಆಗ್ಯಾವ" ಎಂದ.

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಸೇಠ ಏನಂದ?" ಎಂದು ಕೇಳಿದಳು.

"ಉಳಿದ ನಾಕು ಕುದರಿಗೂ ಹತ್ತತಾವು, ಹದಿನೈದು ದಿನದಾಗ ನೆಟ್ಟಗಾಗಲಿಲ್ಲಂದ್ರ ಇದನ್ನ ಕಳಿಸಿಬಿಡ್ತೇನಿ ಅಂದ."

"ಎಲ್ಲಿಗೆ?"

ಇಪ್ಪತ್ತನಾಲ್ಕು ವರ್ಷದ ಕುದುರೆಯನ್ನು ಯಾರು ಯಾವುದಕ್ಕೆ ಕೊಳ್ಳುತ್ತಾರೆ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಅವ್ವ ಮೊರವನ್ನು ಬದಿಗಿಟ್ಟಳು. ಕಪಾಟಿನ ಮೇಲಿದ್ದ ಸಣ್ಣ ಹಲ್ಲಿನ ಹಣಿಗೆಯನ್ನು ತೆಗೆದು ಸೆರಗಿನಲ್ಲಿ ಒರೆಸಿದಳು.

"ಹೇನು ಅಂದ್ರ ಹೇನ. ಮಂದೀದಾದ್ರೇನು, ಕುದರೀದಾದ್ರೇನು. ನಡೀರಿ, ನೋಡೂಣು" ಎಂದು ಮೆಟ್ಟಿಲಿಳಿದೇಬಿಟ್ಟಳು. ಅಪ್ಪ ಚಪ್ಪಲಿ ಮರೆತು ಅವಳ ಹಿಂದೆ ಓಡಿದ. ನಾನು ಅವನ ಚಪ್ಪಲಿ ಹಿಡಿದು ಇಬ್ಬರ ಹಿಂದೆ ಹೋದೆ.

ತಬೇಲಾದೊಳಗೆ ಮಬ್ಬು. ಬಿಜಲಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಕುತ್ತಿಗೆಯ ಜೂಲು ಅಲ್ಲಲ್ಲಿ ಕಿತ್ತುಹೋಗಿ, ತೊಗಲು ಕೆಂಪಗಾಗಿತ್ತು. ಅವ್ವ ಹತ್ತಿರ ಹೋದಾಗ ಅದು ಅವಳ ಮುಡಿಯಲ್ಲಿದ್ದ ಅಬೋಲಿ ಹೂವನ್ನು ಮೂಸಿ, ನಿಧಾನವಾಗಿ ಬಾಯಿಗೆ ಹಾಕಿಕೊಂಡಿತು. ಅಪ್ಪ ಹಗ್ಗಕ್ಕೆ ಕೈ ಹಾಕಿದ. ಅವ್ವ ಮಾತ್ರ, "ತಿನ್ನು, ತಿನ್ನು. ಮೊದಲ ನಿಂದು ಕುತಿಗಿ ತೋರಸು" ಎಂದು ಜೂಲನ್ನು ಬೈತಲೆ ತೆಗೆದಂತೆ ಸೀಳಿದಳು.

"ಬೆಳಕಿಗೆ ತಿರುಗಸ್ರಿ" ಎಂದಳು. ಅಪ್ಪ ತಿರುಗಿಸಿದ. ಕೂದಲ ಬುಡದಲ್ಲಿ ಎಳ್ಳಿಗಿಂತ ಸಣ್ಣ, ಹಳದಿ ಮಿಶ್ರಿತ ಕಂದು ಹುಳುಗಳು ಹರಿದಾಡುತ್ತಿದ್ದವು. ಕೂದಲಿಗೆ ಅಂಟಿಕೊಂಡು ಸೀರು, ನಮ್ಮ ತಲೆಯದರಂತೆಯೇ. ಅವ್ವ ತನ್ನ ಹಳೆಯ ಗಿರಾಕಿಗಳನ್ನು ಕಂಡವಳಂತೆ ಸಮಾಧಾನದಿಂದ ತಲೆಯಾಡಿಸಿದಳು.

ಮರುದಿನ ಅಪ್ಪ ಒಬ್ಬ ದನದ ಡಾಕ್ಟರನ್ನು ಕರೆತಂದ. ಮರಾಠಿ ಹುಡುಗಿ, ಇನ್ನೂ ಚಿಕ್ಕ ವಯಸ್ಸು. ನಾನು ಆಫೀಸಿಗೆ ರಜೆ ಹಾಕಿ ಉಳಿದಿದ್ದೆ. ವಯಸ್ಸಾದ ಕುದುರೆಗೆ ಮೈಕೂದಲು ಸರಿಯಾಗಿ ಉದುರುವುದಿಲ್ಲ, ದಟ್ಟವಾಗಿ ಬೆಳೆಯುತ್ತದೆ, ಅದರೊಳಗೆ ಹೇನು ಸೊಂಪಾಗಿ ಮರಿ ಮಾಡುತ್ತವೆ ಎಂದು ಅವಳು ಹೇಳಿದಳು. ಮೈಕೂದಲನ್ನು ಮಶೀನಿನಿಂದ ಕತ್ತರಿಸಬೇಕು. ಔಷಧಿಯನ್ನು ನೀರಿಗೆ ಬೆರೆಸಿ ಮೈಯೆಲ್ಲ ತೊಳೆಯಬೇಕು. ಔಷಧಿ ಹುಳುವನ್ನು ಕೊಲ್ಲುತ್ತದೆ, ಸೀರನ್ನು ಕೊಲ್ಲುವುದಿಲ್ಲ, ಆದ್ದರಿಂದ ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ ತೊಳೆಯಲೇಬೇಕು. ಉಳಿದ ಕುದುರೆಗಳಿಗೂ ಹಾಗೆಯೇ. ಮೇಲೆ ಹೊದಿಸುವ ಕಂಬಳಿ, ಬ್ರಶ್ಶು, ಹಗ್ಗ, ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆಯಬೇಕು. ಒಂದರದು ಇನ್ನೊಂದಕ್ಕೆ ಬಳಸಬಾರದು.

"ಎರಡನೇದ್ದ ಖರೇ ಕೆಲಸ" ಎಂದು ಅವ್ವ ನನ್ನತ್ತ ತಿರುಗಿ ಹೇಳಿದಳು. "ಮೊದಲನೇ ಸಲ ಎಲ್ಲಾರೂ ಮಾಡ್ತಾರ. ಎರಡನೇ ಸಲಕ್ಕ ಬ್ಯಾಸರಾಗಿ ಬಿಡ್ತಾರ." ಆಮೇಲೆ ಡಾಕ್ಟರಿಗೆ ಹಿಂದಿಯಲ್ಲಿ, ಸೀಮೆಎಣ್ಣೆ ಹಚ್ಚಿದರೆ ಬೇಗ ಹೋಗುವುದಿಲ್ಲವೇ ಎಂದು ಕೇಳಿದಳು.

"ಬಿಲ್ಕುಲ್ ನಹೀ, ಮೌಶಿ. ಚಮಡೀ ಜಲ್ ಜಾಯೇಗೀ."

ತೊಗಲು ಸುಟ್ಟುಹೋಗುತ್ತದೆ ಎಂದು ಅಷ್ಟು ಚಿಕ್ಕ ಹುಡುಗಿ ಅಂದದ್ದಕ್ಕೆ ಅವ್ವನಿಗೆ ಸ್ವಲ್ಪ ಅವಮಾನವಾಯಿತು. ಆದರೆ ಜೂಲನ್ನು ಕತ್ತರಿಸಬೇಕಾಗಿಲ್ಲ, ದಿನಾ ಬಾಚಿದರೆ ಸಾಕು ಎಂದು ಡಾಕ್ಟರು ಹೇಳಿದ್ದೇ ಅವಳ ಮುಖ ಅರಳಿತು.

ಹೋಗುವ ಮೊದಲು ಡಾಕ್ಟರು ಕೈ ತೊಳೆದುಕೊಳ್ಳುತ್ತ ಒಂದು ಮಾತು ಹೇಳಿದಳು. ಮನೆಯಲ್ಲಿ ಮಕ್ಕಳಿದ್ದಾರೆಂದು ಹೆದರಬೇಡಿ, ಕುದುರೆಯ ಹೇನು ಕುದುರೆಯ ಮೇಲಷ್ಟೇ ಬದುಕುತ್ತದೆ, ಮನುಷ್ಯರಿಗೆ ಹತ್ತುವುದಿಲ್ಲ.

ಅಪ್ಪ ಹಗ್ಗ ಹಿಡಿದು ನಿಂತಿದ್ದ. "ಕಭೀ ನಹೀ?" ಯಾವತ್ತೂ ಹತ್ತುವುದಿಲ್ಲವೇ ಎಂದು ಕೇಳಿದ.

"ಕಭೀ ನಹೀ, ಕಾಕಾ."

"ಪಹಲೇ ಸೇ ಹೀ ಐಸಾ ಹೈ?"

ಡಾಕ್ಟರು ನಕ್ಕಳು. ಮೊದಲಿನಿಂದಲೂ ಹಾಗೆಯೇ ಎಂದಳು. ಅಪ್ಪ ಯಾಕೆ ಹಾಗೆ ಕೇಳಿದ ಎಂದು ಆ ತಬೇಲಾದಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ನಾನು ಹತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ನನ್ನ ಬೆಂಚಿನ ಹುಡುಗಿ ನನ್ನ ತಲೆಯಲ್ಲಿ ಹೇನು ಕಂಡು ಚೀರಿದಳು. ಟೀಚರು ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದರು. ಘೋಡೇವಾಲಾನ ಮಗಳು, ಕುದುರೆಯ ಹೇನು ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಅಪ್ಪನಿಗೊಂದು ರೂಢಿಯಿತ್ತು. ಸಂಜೆ ಮೇಲೆ ಬಂದವನೇ ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, "ಏನವ್ವಾ, ಸಾಲಿ ಹೆಂಗಾತು?" ಎನ್ನುತ್ತಿದ್ದ. ಆ ಸಂಜೆ ಅವನು ಕೈ ಚಾಚಿದಾಗ ನಾನು ಹಿಂದೆ ಸರಿದು, "ಮುಟ್ಟಬ್ಯಾಡ. ನಿನ್ನ ಕುದರಿ ಹೇನು ನಿನ್ನ ಕೈಯಿಂದನ ನನಗ ಬಂದಾವು" ಎಂದೆ. ಅವ್ವನಿಗೆ ಕೇಳಿಸಲಿಲ್ಲ. ಅಪ್ಪ ಕೈಯನ್ನು ಜೇಬಿಗಿಟ್ಟುಕೊಂಡ. ಸಾಲಿ ಹೆಂಗಾತು ಎಂದು ಮರುದಿನವೂ ಕೇಳಿದ, ಪ್ರತಿದಿನವೂ ಕೇಳಿದ, ಕೈ ಮಾತ್ರ ಜೇಬಿನಲ್ಲೇ ಇತ್ತು. ಒಂದು ವಾರದಲ್ಲಿ ನನ್ನ ತಲೆ ಸ್ವಚ್ಛವಾಯಿತು. ಈಗ ಮುಟ್ಟಬಹುದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ದೊಡ್ಡವಳಾದೆ. ಮದುವೆಯ ದಿನ ಅವನ ಕಾಲಿಗೆ ಬಿದ್ದಾಗಲೂ ಅಪ್ಪ ಅಕ್ಷತೆಯನ್ನು ಸ್ವಲ್ಪ ಎತ್ತರದಿಂದಲೇ ಹಾಕಿದ.

ಡಾಕ್ಟರು ಹೋದ ಮೇಲೆ ಅವ್ವ ಕುದುರೆಯ ಕಂಬಳಿಗಳನ್ನು ಗಂಟು ಕಟ್ಟುತ್ತಿದ್ದಳು. ನಾನು ಅಪ್ಪನ ಹತ್ತಿರ ಹೋದೆ.

"ಅಪ್ಪಾ, ನಾ ಅವತ್ತ ಅಂದಿದ್ದು..."

"ನೀ ಸಣ್ಣಾಕಿದ್ದಿ" ಎಂದ. ಬಿಜಲಿಯ ಬೆನ್ನನ್ನು ಸವರುತ್ತಲೇ ಇದ್ದ. "ನನಗೂ ಹಂಗ ಅನಿಸಿತ್ತವ್ವಾ. ನಂದ ತಪ್ಪು ಅಂತ ತಿಳದಿದ್ನಿ."

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿದರೂ ಬಿಳಿಯ ಕೂದಲು ಅಂಟಿಕೊಂಡೇ ಇತ್ತು. ಆ ಕೈಯನ್ನು ನನ್ನ ತಲೆಯ ಮೇಲೆ ಇಟ್ಟ. ಎರಡು ಹೇನು ಅದರ ಜೊತೆ ಬಂದಿರಬಹುದು. ನಾನು ಅಲುಗಲಿಲ್ಲ.

ಆ ದಿನದಿಂದ ಅವ್ವ ತಬೇಲಾದ ಯಜಮಾನಿಯಾದಳು. ಬಿಜಲಿಯ ಮೈಕೂದಲು ಕತ್ತರಿಸಿದಾಗ ಅದು ತೊಳೆದ ಆಲೂಗಡ್ಡೆಯ ಹಾಗೆ ಕಾಣುತ್ತಿತ್ತು. ಐದೂ ಕುದುರೆಗಳಿಗೆ ಔಷಧಿ ಬಿತ್ತು. ಕೆಳಗಿನ ನಲ್ಲಿಯ ಬಳಿ ದೊಡ್ಡ ಹಂಡೆಯಲ್ಲಿ ಕಂಬಳಿಗಳು ಕುದಿಯುತ್ತಿದ್ದಾಗ ಎರಡನೇ ಮಾಳಿಗೆಯ ನೆರೆಯಾಕೆ ಬಗ್ಗಿ ನೋಡಿ, ಕುದುರೆಯ ಹೇನು ನಮ್ಮ ಮಕ್ಕಳಿಗೆ ಹತ್ತುತ್ತದೆ ಎಂದು ಗಲಾಟೆ ಮಾಡಿದಳು. "ನಿನ್ನ ನಾಕು ಹೆಣ್ಣುಮಕ್ಕಳ ತೆಲಿ ನೋಡಿದಾಕಿ ನಾ. ಯಾವದು ಯಾರ ಹೇನು ಅಂತ ನನಗ ಗೊತ್ತೈತಿ" ಎಂದು ಅವ್ವ ಕನ್ನಡದಲ್ಲೇ ಹೇಳಿದಳು. ಆಕೆಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಸುಮ್ಮನಾದಳು. ಗೋಡೆಯ ಕ್ಯಾಲೆಂಡರಿನಲ್ಲಿ ಅವ್ವ ಹನ್ನೆರಡನೆಯ ದಿನಕ್ಕೆ ಕುಂಕುಮದಿಂದ ಒಂದು ಬೊಟ್ಟಿಟ್ಟಳು.

ಒಂಬತ್ತನೆಯ ದಿನ ಅವ್ವನಿಗೆ ಎದೆನೋವು ಬಂತು.

ಪರೇಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಮೂರು ದಿನ ಅಪ್ಪ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವ್ವ ನನ್ನನ್ನು ಹತ್ತಿರ ಕರೆದು, "ಇವತ್ತ ಹನ್ನೆರಡಲ್ಲೇನು?" ಎಂದಳು. ನನಗೆ ತಕ್ಷಣ ಹೊಳೆಯಲಿಲ್ಲ.

"ಎರಡನೇ ಸಲದ್ದು ಇವತ್ತ. ನಿಮ್ಮಪ್ಪನ್ನ ಕರಕೊಂಡು ಹೋಗಿ ತೊಳದು ಬಾ."

ಹೊರಗಿನಿಂದ ಬಂದು ಅವಳ ಪಕ್ಕ ಕೂತ ಅಪ್ಪ ಒಪ್ಪಲಿಲ್ಲ. "ನಿನ್ನ ಹಿಂಗ ಬಿಟ್ಟು ಕುದರಿ ತೊಳಿಲಿಕ್ಕೆ ಹೋಗಲೇನು?" ಎಂದ.

"ನನ್ನ ನೋಡಾಕ ಇಲ್ಲಿ ನರ್ಸಬಾಯಿ ಅದಾಳ. ಅದನ್ನ ನೋಡಾಕ ಯಾರದಾರ?" ಎಂದಳು ಅವ್ವ. ಅಷ್ಟು ಮಾತಿಗೇ ಅವಳಿಗೆ ಉಸಿರು ಹತ್ತಿತು. ಅಪ್ಪ ಎದ್ದ.

ಹಾಗೆ ನಾನು, ಟ್ರಾನ್ಸ್‌ಪೋರ್ಟ್‌ನವರ ಮಗಳು, ಚೂಡಿದಾರವನ್ನು ಮೊಣಕಾಲಿಗೆ ಮಡಚಿಕೊಂಡು ಜೀವನದಲ್ಲಿ ಮೊದಲ ಸಲ ಕುದುರೆ ತೊಳೆದೆ, ಐದನ್ನೂ. ಅಪ್ಪ ನೀರು ಹಾಕುತ್ತಿದ್ದ, ನಾನು ತಿಕ್ಕುತ್ತಿದ್ದೆ. ಆಮೇಲೆ ಅವ್ವನ ಹಣಿಗೆ ಹಿಡಿದು ಬಿಜಲಿಯ ಜೂಲನ್ನು ಸೀಳುತ್ತ ಹೋದೆ. ಹೊಸದಾಗಿ ಒಡೆದ ಮರಿ ಹೇನುಗಳು ಸಾಸಿವೆಯ ಅರ್ಧದಷ್ಟು ಇದ್ದವು. ಹತ್ತು ಸಿಕ್ಕಿದ ಮೇಲೆ ಬೆರಳಿಗೆ ಕಣ್ಣು ಬಂತು. ಬಿಜಲಿ ತನ್ನ ಭಾರದ ತಲೆಯನ್ನು ನನ್ನ ಹೆಗಲ ಮೇಲೆ ಹಾಕಿ ಕಣ್ಣು ಮುಚ್ಚಿತು. ಭಾನುವಾರದ ಗ್ಯಾಲರಿಯಲ್ಲಿ ನಾನು ಕಣ್ಣು ಮುಚ್ಚುತ್ತಿದ್ದದ್ದೂ ಹೀಗೇ ಇರಬೇಕು.

ಕೆಲಸ ಮುಗಿದಾಗ ಅಪ್ಪ ಒಂದು ಸ್ಟೂಲನ್ನು ಎಳೆದು ಕೊಟ್ಟ. ತಬೇಲಾದಲ್ಲಿ ಅಷ್ಟು ಸ್ವಚ್ಛವಾದ ವಸ್ತು ಬೇರೊಂದಿರಲಿಲ್ಲ.

"ಇದು ಯಾರದು?" ಎಂದೆ.

"ನಿಮ್ಮವ್ವ ಒಂದಿಲ್ಲ ಒಂದು ದಿನ ಬಂದಾಳು, ಬಂದ್ರ ಕುಂಡ್ರಾಕ ಬೇಕಲ್ಲ ಅಂತ ಇಟ್ಟಿದ್ನಿ" ಎಂದ. "ಲಗ್ನಾದ ವರ್ಷ ಮಾಡಿಸಿದ್ದು. ಆಕಿ ಬಂದ ಇಷ್ಟು ದಿನದಾಗ ಕುಂಡ್ರು ಅನ್ನೂದ ಮರತುಬಿಟ್ನಿ."

ಒದ್ದೆ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದೆವು. ನರ್ಸು ಮೂಗು ಮುಚ್ಚಿಕೊಂಡು ನಮ್ಮನ್ನು ಬಾಗಿಲಲ್ಲೇ ತಡೆದಳು. ಅವ್ವ ಒಳಗಿನಿಂದಲೇ ಕೇಳಿದಳು. "ಆತೇನು?"

"ಆತು" ಎಂದೆ.

"ಕಿವಿ ಹಿಂದ?"

"ನೋಡಿದ್ನಿ."

"ಬಾಲದ ಬುಡಕ?"

ಅದನ್ನು ನಾನು ಮರೆತೇಬಿಟ್ಟಿದ್ದೆ. ಆತು ಎಂದು ಸುಳ್ಳು ಹೇಳಿದೆ. ಅವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನಾಳೆ ಮುಂಜಾನೆ ಹೋಗಿ ಮಾಡು" ಎಂದು ಮಗ್ಗುಲಾದಳು. ಮರುದಿನ ಆಫೀಸಿಗೆ ಹೋಗುವ ಮೊದಲು ಬೈಕುಲ್ಲಾದಲ್ಲಿ ಇಳಿದು ಬಾಲದ ಬುಡವನ್ನೂ ಮಾಡಿ ಬಂದೆ.

ಹದಿನೈದನೆಯ ದಿನ ಸೇಠ ಬಂದು ಟಾರ್ಚು ಹಾಕಿ ನೋಡಿದ. ಒಂದೂ ಸಿಗಲಿಲ್ಲ. ಇರಲಿ ಬಿಡು ಎಂದ. ಅವ್ವನೂ ಮನೆಗೆ ಬಂದಳು. ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾದರೂ ದಿನಾ ಮುಂಜಾನೆ ಅಪ್ಪನ ತೋಳು ಹಿಡಿದು ತಬೇಲಾಕ್ಕೆ ಹೋಗಿ, ಆ ಸ್ಟೂಲಿನ ಮೇಲೆ ಕೂತು ಜೂಲು ಬಾಚುತ್ತಿದ್ದಳು. ಅಪ್ಪ ಪಕ್ಕದಲ್ಲಿ ನಿಂತು ಕುದುರೆಯನ್ನು ಬೆಳಕಿಗೆ ತಿರುಗಿಸುತ್ತಿದ್ದ. ಇಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಹೋದಾಗ ಸುಮ್ಮನಾಗುತ್ತಿದ್ದರು, ಹೊಸದಾಗಿ ಲಗ್ನವಾದವರ ಹಾಗೆ. ಹನ್ನೊಂದು ತಿಂಗಳು ಹೀಗೆ ನಡೆಯಿತು. ಮುಂದಿನ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ಹನ್ನೊಂದು ತಿಂಗಳು ಮೊದಲೇ ಬಂದಿದ್ದರೆ ಎಂದು ಲೋಕಲ್‌ನ ಕಿಟಕಿಯಲ್ಲಿ ಕೂತಾಗಲೆಲ್ಲ ನನಗೆ ಅನ್ನಿಸುತ್ತದೆ. ಬೈಕುಲ್ಲಾ ಬಂದಾಗ ನಾನು ಈಗಲೂ ಕತ್ತು ಚಾಚಿ ನೋಡುತ್ತೇನೆ. ರೈಲಿನಿಂದ ನಮ್ಮ ಚಾಳು ಕಾಣುವುದಿಲ್ಲ, ಯಾವಾಗಲೂ ಕಾಣುತ್ತಿರಲಿಲ್ಲ.

ತಬೇಲಾದ ಜಾಗದಲ್ಲಿ ಈಗ ಬಿಲ್ಡಿಂಗ್ ಏಳುತ್ತಿದೆ. ಅಪ್ಪ ನಮ್ಮ ಜೊತೆ ಮುಲುಂಡಿನಲ್ಲಿದ್ದಾನೆ. ಬಿಜಲಿಯನ್ನು ಸೇಠ ಮಾರಲಿಲ್ಲ. ವಸಯಿಯ ಕಡೆ ಮುದಿ ಪ್ರಾಣಿಗಳನ್ನು ನೋಡಿಕೊಳ್ಳುವ ಒಬ್ಬರ ತೋಟದ ವಾಡಿಗೆ ಬಿಟ್ಟ. ತಿಂಗಳಿಗೊಮ್ಮೆ ನಾನೂ ಅಪ್ಪನೂ ಹೋಗಿ ನೋಡಿ ಬರುತ್ತೇವೆ. ಅದಕ್ಕೆ ಈಗ ಮೂವತ್ತು ದಾಟಿದೆ. ಹಲ್ಲಿಲ್ಲ, ಒಂದು ಕಣ್ಣು ಮಂಜಾಗಿದೆ. ಪ್ರತಿ ಚಳಿಗಾಲಕ್ಕೂ ಮೈಕೂದಲು ಮಾತ್ರ ದಟ್ಟವಾಗಿ ಬರುತ್ತದೆ.

ಮೊನ್ನೆ ಭಾನುವಾರವೂ ಹೋಗಿದ್ದೆವು. ನಾನು ವಾಡಿಯವರ ಜೊತೆ ಮಾತಾಡುತ್ತ ದೂರದಲ್ಲಿ ನಿಂತಿದ್ದೆ. ಅಪ್ಪ ಮರದಡಿ ಬಿಜಲಿಯ ಕುತ್ತಿಗೆಯ ಕೂದಲನ್ನು ಸರಿಸಿ, ಬಾಗಿ, ತುಂಬ ಹೊತ್ತು ನೋಡಿದ. ಆಮೇಲೆ ತಿರುಗದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿ, "ಕಸ್ತೂರಿ, ಇಲ್ಲೊಂದೀಟು ಬಾ, ನನಗ ಕಾಣವಲ್ದು" ಎಂದ.

ಕಸ್ತೂರಿ ಎಂದರೆ ಅವ್ವ. ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಂದ್ನಿ" ಎಂದು ಹೋಗಿ, ಅವನ ಪಕ್ಕದಲ್ಲಿ ನಿಂತು, ಕೂದಲನ್ನು ಸೀಳಿ ಹಿಡಿದೆ.